ಬಲಗೋಡೆಯ ಬೆಂಚು

ನನ್ನ ತಂಗಿಯ ಎಡಗಿವಿಯನ್ನು ಕೆಡಿಸಿದ್ದು ಮಂಗನಬಾವು. ಅವಳ ಶಾಲೆಯ ಎರಡು ವರ್ಷಗಳನ್ನು ಕೆಡಿಸಿದವರು ಅವಳ ಮುಖ್ಯಾಧ್ಯಾಪಕರು. ರೋಗಕ್ಕೆ ತಾನು ಮಾಡಿದ್ದು ತಿಳಿದಿರಲಿಲ್ಲ. ಅವರಿಗೆ ಈ ಜೂನಿನಿಂದ ತಿಳಿದಿದೆ, ನಾನೇ ತಿಳಿಸಿದ್ದೇನೆ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾವು ಹೊನ್ನಾವರದಿಂದ ಭಟ್ಕಳದ ಸೋದರತ್ತೆಯ ಮನೆಗೆ ಹೋಗಿದ್ದೆವು. ಅಲ್ಲಿ ಮಕ್ಕಳಿಗೆಲ್ಲ ಗದ್ದ ಬೀಗಿತು. ಆರು ವರ್ಷದ ತಂಗಿಗೂ ಬೀಗಿತು. ಉಳಿದವರೆಲ್ಲ ಎದ್ದು ಆಡತೊಡಗಿದ ಮೇಲೂ ಇವಳು ಎರಡು ದಿನ ತಲೆ ತಿರುಗುತ್ತದೆಂದು ಗೋಡೆ ಹಿಡಿದು ನಡೆದಳು. ಸರಿಯಾಗಿ ಉಣ್ಣದ್ದರಿಂದ ಹೀಗೆ ಎಂದು ಅಮ್ಮ ಗಂಜಿ ಕುಡಿಸಿದಳು. ತಲೆ ತಿರುಗುವುದು ನಿಂತಿತು. ಕಾಯಿಲೆ ಮುಗಿಯಿತೆಂದು ನಾವು ಊರಿಗೆ ಮರಳಿದೆವು.

ಆಮೇಲೆ ಅವಳು ನಮ್ಮ ಮನೆಯ ತಮಾಷೆಯಾದಳು. ಕಣ್ಣಿಗೆ ಬಟ್ಟೆ ಕಟ್ಟಿ ಆಡುವಾಗ ಎಲ್ಲಿಂದ ಚಪ್ಪಾಳೆ ತಟ್ಟಿದರೂ ಬಲಕ್ಕೇ ಓಡುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಬೆಳಿಗ್ಗೆ ಕರೆದರೆ ಒಂದು ದಿನ ಮೊದಲ ಕೂಗಿಗೇ ಏಳುವಳು, ಮರುದಿನ ಮೈ ಅಲುಗಾಡಿಸಿಯೇ ಎಬ್ಬಿಸಬೇಕು. “ಕಿವಿಯನ್ನ ಭಟ್ಕಳದಲ್ಲೇ ಬಿಟ್ಟು ಬಂದ್ಯ ಎಂತ?” ಎಂದು ಅಮ್ಮ ರೇಗಿಸುತ್ತಿದ್ದಳು. ತಾನು ಹೇಳಿದ್ದು ಅರ್ಧ ನಿಜವೆಂದು ಅವಳಿಗೆ ಆರು ವರ್ಷ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

ಧಾರವಾಡದಲ್ಲಿ ಓದು ಮುಗಿಸಿ ಬಂದ ಮೇ ತಿಂಗಳಲ್ಲಿ ಅವಳನ್ನು ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಅವಳು ಆರನೆಯ ತರಗತಿಯಲ್ಲಿ ಎರಡು ಸಲ ನಪಾಸಾಗಿದ್ದಳು. ಏಳುವ ದಿನಕ್ಕೂ ಏಳದ ದಿನಕ್ಕೂ ಏನು ವ್ಯತ್ಯಾಸ? ಊಟವೇ, ಸೆಖೆಯೇ? ನಾಲ್ಕೈದು ದಿನ ಗಮನಿಸಿದೆ. ಬಲಗಿವಿ ದಿಂಬಿಗೆ ಒತ್ತಿ ಮಲಗಿದ ದಿನ ಅವಳಿಗೆ ಜಗತ್ತೇ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪನ ಅಲಾರಾಂ ಗಡಿಯಾರವನ್ನು ಅವಳ ಬಲಗಿವಿಗೆ ಹಿಡಿದೆ. ಟಿಕ್‌ಟಿಕ್ ಕೇಳುತ್ತದೆ ಎಂದಳು. ಬಲಗಿವಿಯನ್ನು ಅಂಗೈಯಿಂದ ಮುಚ್ಚಿ ಎಡಕ್ಕೆ ಹಿಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕಾದಳು.

“ಕೇಳೂದಿಲ್ವ?” ಎಂದೆ, ಕೈ ತೆಗೆದು.

“ಆ ಬದಿಗೆ ಹೆಂಗೆ ಕೇಳ್ತದೆ, ಅಕ್ಕ?” ಎಂದು ನಕ್ಕವಳು, ನನ್ನ ಮುಖ ಕಂಡು ಮೆಲ್ಲಗೆ ಕೇಳಿದಳು: “ನಿಂಗೆ ಎರಡೂ ಕೇಳ್ತದ?”

ಕುಮಟೆಯ ವೈದ್ಯರು ಉಕ್ಕಿನ ಕವೆಯೊಂದನ್ನು ತಟ್ಟಿ, ಅದರ ಬುಡವನ್ನು ಅವಳ ಹಣೆಯ ನಟ್ಟನಡುವೆ ಒತ್ತಿದರು. ನಾದ ಎಲ್ಲಿದೆ ಎಂದರೆ ಬಲಕ್ಕೆ ಬೆರಳು ತೋರಿಸಿದಳು. ನನ್ನ ಹಣೆಗೂ ಒತ್ತಿಸಿಕೊಂಡೆ. ನನಗೆ ಅದು ತಲೆಯ ಮಧ್ಯದಲ್ಲೇ ಮೊಳಗಿತು. ಮಂಗನಬಾವನ್ನು ತರುವ ವೈರಸ್ಸು ಕೆಲವೊಮ್ಮೆ ಒಳಗಿವಿಗೂ ಇಳಿಯುತ್ತದೆ, ಹೆಚ್ಚಾಗಿ ಒಂದೇ ಕಿವಿಗೆ. ಶರೀರದ ಸಮತೋಲ ಕಾಯುವುದೂ ಅಲ್ಲಿಯೇ ಆದ್ದರಿಂದ ಅಂದು ತಲೆ ತಿರುಗಿರಬೇಕು ಎಂದು ವಿವರಿಸಿದರು. ಭಟ್ಕಳದ ಗೋಡೆ ಹಿಡಿದು ನಡೆದ ಪುಟ್ಟ ಕೈ ನೆನಪಾಯಿತು. ಹೋದ ಕೇಳ್ಮೆ ಮರಳುವುದಿಲ್ಲ, ಮದ್ದಿಲ್ಲ ಎಂದರು. ಶಾಲೆಯಲ್ಲಿ ಬಲಗಿವಿ ಮಾಸ್ತರರ ಕಡೆಗಿರುವಂತೆ ಕೂರಿಸಿದರೆ ಸಾಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಅವಳ ತರಗತಿಯಲ್ಲಿ ಹುಡುಗಿಯರ ಬೆಂಚು ಬಲಗೋಡೆಗೆ ಅಂಟಿಕೊಂಡಿದೆ. ಮಾಸ್ತರರ ಮೇಜು ಎಡಕ್ಕೆ, ಬಾಗಿಲ ಬಳಿ. ಎರಡು ವರ್ಷ ಅವಳ ಒಳ್ಳೆಯ ಕಿವಿ ಸುಣ್ಣದ ಗೋಡೆಯ ಪಾಠ ಕೇಳಿತ್ತು. ಶಾಲೆಯ ಆರೋಗ್ಯ ತಪಾಸಣೆಯ ದಿನ ಮುಖ್ಯಾಧ್ಯಾಪಕರೇ ಅವಳ ಹಿಂದೆ ಎಡಕ್ಕೆ ನಿಂತು ಚಪ್ಪಾಳೆ ತಟ್ಟಿದ್ದರಂತೆ. ಅವಳು ಬಲಕ್ಕೆ ತಿರುಗಿದಳು, ತರಗತಿಯೆಲ್ಲ ನಕ್ಕಿತು, ಪುಸ್ತಕದಲ್ಲಿ ಕಿವಿ ಸರಿಯಿದೆ ಎಂದು ಬರೆದರು. ಪ್ರಗತಿಪತ್ರದಲ್ಲಿ ಎರಡು ವರ್ಷವೂ ಒಂದೇ ಷರಾ: ‘ಉದ್ಧಟೆ, ಗಮನವಿಲ್ಲ.’

ಜೂನಿನಲ್ಲಿ ಚೀಟಿ ಹಿಡಿದು ಮುಖ್ಯಾಧ್ಯಾಪಕರ ಬಳಿ ಹೋದೆ. ಅವರು ಅದನ್ನು ಪೂರ್ತಿ ಓದಿದರು. ಅದೇ ನನ್ನ ದೂರಿಗೆ ಆಧಾರ.

“ನೋಡು ಮಗಾ, ನೀನು ಧಾರವಾಡದಲ್ಲಿ ಓದಿದವಳು. ಇಲ್ಲಿ ಹುಡುಗಿಯನ್ನ ಹುಡುಗರ ಬದಿಗೆ ಕೂರಿಸಿ, ನಾಳೆ ಊರಿಗೆ ನಾನು ಎಂತ ಹೇಳೂದು?”

“ಹುಡುಗಿಯರ ಬೆಂಚನ್ನೇ ಆಚೆ ಗೋಡೆಗೆ ಹಾಕಿಸಿ, ಸರ್.”

“ಆ ಗೋಡೆಗೆ ಕಿಟಕಿ ಇದ್ಯಲ್ಲ. ರಸ್ತೆ ನೋಡ್ತ ಕೂರ್ತಾರೆ.”

ಈ ಸಲವೂ ನಪಾಸಾದರೆ ಹೆಸರು ತೆಗೆಯಬೇಕಾಗುತ್ತದೆ ಎಂದೂ ಸೇರಿಸಿದರು. ಮನೆಗೆ ಬಂದು ಹೇಳಿದಾಗ ತಂಗಿ ಅಳಲಿಲ್ಲ. ಬೆಂಚಿನ ಮೇಲೆ ತಿರುಗಿ, ಬೆನ್ನು ಹಲಗೆಗೆ ಮಾಡಿ ಕೂತರೆ ಬಲಗಿವಿ ಮಾಸ್ತರರ ಕಡೆಗೆ ಬರುತ್ತದಲ್ಲ ಎಂದು ಲೆಕ್ಕ ಹಾಕಿದಳು. ಮರುದಿನ ತರಗತಿಯಲ್ಲಿ ಹಾಗೆ ಕೂತೂ ನೋಡಿದಳು. ಅಂದಿನ ಶಿಕ್ಷೆ, ಅವಧಿ ಮುಗಿಯುವ ತನಕ ನಿಲ್ಲುವುದು. ನಿಂತಲ್ಲಿ ಮುಖ ಹೊರಳಿಸಿದ್ದರಿಂದ ಪಾಠವೆಲ್ಲ ಕೇಳಿತು ಎಂದು ಸಂಜೆ ಸಂಭ್ರಮದಿಂದ ಒಪ್ಪಿಸಿದಳು.

ಆರು ವರ್ಷ ನಕ್ಕ ತಪ್ಪು ನಮ್ಮ ಮನೆಯದು. ಅದನ್ನು ಮೊದಲು ಒಪ್ಪಿಕೊಂಡೇ ಕೇಳುತ್ತಿದ್ದೇನೆ. ಮಾನ್ಯ ಮುಖ್ಯಾಧ್ಯಾಪಕರು ಹಾಗೂ ಅವರ ಮೇಲಧಿಕಾರಿಗಳು ವಾರ್ಷಿಕ ಪರೀಕ್ಷೆಗೆ ಮುನ್ನ ಆ ಬೆಂಚನ್ನು ಎಡಗೋಡೆಗೆ ಸರಿಸಬೇಕು. ಕಿಟಕಿಯ ಚಿಂತೆಯಿದ್ದರೆ ಅದಕ್ಕೊಂದು ಪರದೆ ನಾನೇ ಹೊಲಿದು ಕೊಡುತ್ತೇನೆ. ಪ್ರಗತಿಪತ್ರದ ಷರಾವನ್ನು ಹೊಡೆದುಹಾಕಿ ಸಹಿ ಮಾಡಬೇಕು. ಇನ್ನು ಮುಂದೆ ಮಕ್ಕಳ ಒಂದು ಕಿವಿ ಮುಚ್ಚಿಸಿ ಇನ್ನೊಂದನ್ನು ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದು ಆಗದಿದ್ದರೂ, ಯಾಕೆ ಆಗದೆಂದು ಲಿಖಿತವಾಗಿ ಉತ್ತರಿಸಬೇಕೆಂದು ವಿನಂತಿಸುತ್ತೇನೆ.