ರಾಗಿಯ ಬಣ್ಣ ಅಂದುಕೊಂಡದ್ದು

ಓದಿದ್ದು ಬಿ.ಕಾಂ., ಆದರೂ ನನಗೆ ಜೀವಕೋಶಗಳ ಹುಚ್ಚು. ಅವತ್ತು ಅಮ್ಮ ಮುದ್ದೆ ತೊಳಸುತ್ತಿದ್ದಳು. ಮೊಬೈಲಿನಲ್ಲಿ ಒಬ್ಬ ವಿಜ್ಞಾನಿಯ ಉಪನ್ಯಾಸ ಕೇಳಿ ಮುಗಿಸಿದ್ದ ನಾನು ಅದನ್ನೇ ಅವಳಿಗೆ ಹೇಳುತ್ತಾ ಕೂತಿದ್ದೆ. ಆಮ್ಲ ಹೊಟ್ಟೆಯನ್ನೇ ಸುಡದಂತೆ ಅಲ್ಲಿನ ಕೋಶಗಳು ಲೋಳೆ ಬಳಿದುಕೊಳ್ಳುತ್ತವೆ. ನೋವಿನ ಮಾತ್ರೆ ದಿನಾ ನುಂಗಿದರೆ ಆ ಲೋಳೆ ತೆಳ್ಳಗಾಗಿ ಒಳಗೆ ಹುಣ್ಣಾಗಬಹುದು. ಅಲ್ಲಿ ಒಸರಿದ ರಕ್ತ ಮಲದಲ್ಲಿ ಡಾಂಬರಿನಂತೆ ಕಪ್ಪಗೆ ಬರುತ್ತದೆ.

ಅಮ್ಮ ಕೋಲು ನಿಲ್ಲಿಸಿದಳು. "ನಂಗೂ ಹಂಗೇ ಆಗ್ತೈತಲ್ಲೋ, ವಾರದಿಂದ. ರಾಗಿ ತಿಂತೀವಲ್ಲ, ಅದ್ಕೇ ಅನ್ಕಂಡೆ."

"ಮಂಡಿನೋವಿನ ಮಾತ್ರೆ ಇನ್ನೂ ತಗೋತಿದ್ದೀಯಾ?"

"ಹಾಲು ಕರೆಯೋಕೆ ಕುಕ್ಕರಗಾಲಲ್ಲಿ ಕೂರ್ಬೇಕಲ್ಲಪ್ಪ. ಎದ್ದೇಟ್ಗೆ ಬರೀ ಹೊಟ್ಟೇಲಿ ಒಂದು ನುಂಗ್ತೀನಿ."

ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣದಂತೆ ಬಿಳಿಚಿಕೊಂಡಿತ್ತು. ಒಲೆ ಆರಿಸಿ ಹಾಗೇ ಕರೆದುಕೊಂಡು ಹೊರಟೆ.

ದೇವನಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಬಾಯಿಂದ ಕ್ಯಾಮೆರಾ ಇಳಿಸಿ ನೋಡಿ, ಆಮೇಲೆ ಅದರ ಚಿತ್ರವನ್ನು ನನಗೂ ಪರದೆಯ ಮೇಲೆ ತೋರಿಸಿದರು. ಎಷ್ಟೋ ವೀಡಿಯೊಗಳಲ್ಲಿ ಚೆಂದ ಅಂತ ನೋಡಿದ್ದ ಅದೇ ಗುಲಾಬಿ ಗೋಡೆ. ನಡುವೆ ರಕ್ತ ಒಸರುವ ಗುಳಿ.

"ಸದ್ಯ, ತೂತು ಬಿದ್ದಿಲ್ಲ. ರಕ್ತ ನಿಲ್ಸಿದ್ದೀವಿ. ಏನಾದ್ರೂ ಕೇಳೋದಿದ್ಯಾ?" ಅಂದರು.

"ಅಮ್ಮನ ಮಂಡಿನೋವಿಗೆ ಇನ್ಮೇಲೆ ಏನು ಕೊಡ್ಲಿ?" ಅಂದೆ.