ನಾನು ಸೇರಿಸಿದ ‘ಹ’

ಎರಡು ವರ್ಷದ ಹಿಂದಿನ ಮಾತು. ಎಂ.ಎಸ್ಸಿ. ಪ್ರವೇಶಕ್ಕೆ ಆನ್‌ಲೈನ್ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಸೈಬರ್ ಅಂಗಡಿ ಇದೆ. ಬೆಳಗಿನಿಂದ ಜನ ಸಾಲುಗಟ್ಟಿದ್ದರು, ಸರ್ವರ್ ಬೇರೆ ಆಮೆಯ ಹಾಗೆ ತೆವಳುತ್ತಿತ್ತು. ನನ್ನ ತಲೆ ಕಾದು ಹೋಗಿತ್ತು.

ನನ್ನ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಉಮ್ಮತ್ತೂರಿನವನು. ನಮ್ಮ ಕಡೆಯವರ ಬಾಯಿಗೆ ‘ಹ’ ಸುಲಭಕ್ಕೆ ಬರುವುದಿಲ್ಲ. ಹಾಲು ಅಂದರೆ ಆಲು, ಹೂವು ಅಂದರೆ ಊವು. ಸರ್ಕಾರಿ ಸೀಟು ಸಿಕ್ಕಿ ಮೈಸೂರಿನಲ್ಲಿ ಕನ್ನಡ ಎಂ.ಎ.ಗೆ ಸೇರಿದ ಮೊದಲ ವಾರ, ತರಗತಿಯಲ್ಲಿ ಎದ್ದು ನಿಂತು ‘ಅಳಗನ್ನಡ’ ಅಂದುಬಿಟ್ಟೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅಂದಿನಿಂದ ರೂಮಿನ ಬಾಗಿಲು ಹಾಕಿಕೊಂಡು ಹ, ಹಾ, ಹಿ, ಹೀ ಎಂದು ನಾಲಿಗೆ ತಿದ್ದಿಕೊಂಡೆ. ಮೇಷ್ಟ್ರ ಕೆಲಸವಂತೂ ಸಿಗಲಿಲ್ಲ, ‘ಹ’ ಮಾತ್ರ ಗಿಟ್ಟಿತು. ಅಂಗಡಿಗೆ ಬಂದವರ ಮಾತು ತಿದ್ದುವುದು ನನಗೊಂದು ಚಟವೇ ಆಗಿಹೋಯಿತು.

ಅವತ್ತು ಮಧ್ಯಾಹ್ನ ಒಬ್ಬರು ಪ್ಲಾಸ್ಟಿಕ್ ಕವರು ಎದೆಗವಚಿಕೊಂಡು ಬಂದರು. ತರಕಾರಿ ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಗಳಿಗೆ ಮೂಟೆ ಹೊರುವವರು. ಮುಖ ಪರಿಚಯವಿತ್ತು, ಹೆಸರು ಗೊತ್ತಿರಲಿಲ್ಲ.

“ಮಗ್ಳೇ ಬರ್ಬೇಕಾಗಿತ್ತು ಸಾ. ಡೆಂಗಿ ಜ್ವರ ಬಂದು ಮನಿಕ್ಕಂಡವಳೆ. ಒಳ್ಳೆ ಮಾರ್ಕ್ಸ್ ತಗದವಳೆ, ಫ್ರೀ ಸೀಟ್ ಸಿಕ್ತದೆ ಅಂತಾವಳೆ. ಅದೊಂದ್ ಅರ್ಜಿ ಆಕ್ಕೊಡಿ” ಅಂದರು.

ಮಗಳ ಹೆಸರು ಸುಮಿತ್ರ. ಬಿ.ಎಸ್ಸಿ. ಮುಗಿಸಿದ್ದಳು, ರಸಾಯನಶಾಸ್ತ್ರ ಬೇಕಾಗಿತ್ತು. ಅವಳ ವಿವರವನ್ನೆಲ್ಲ ಅಂಕಪಟ್ಟಿ ನೋಡಿಯೇ ತುಂಬಿದೆ. ತಂದೆಯ ಹೆಸರಿನ ಜಾಗ ಬಂದಾಗ ಮಾತ್ರ ಇನ್ನೊಂದು ಹಾಳೆ ತಿರುಗಿಸುವ ತಾಳ್ಮೆ ಇರಲಿಲ್ಲ. ತಂದೆಯೇ ಎದುರಿಗೆ ನಿಂತಿದ್ದರಲ್ಲ!

“ನಿಮ್ಮ ಹೆಸರೇನು ಯಜಮಾನ್ರೇ?”

“ಅಲಗಯ್ಯ.”

“ಹಲಗಯ್ಯ ಅನ್ನಿ. ಸ್ವಂತ ಹೆಸರಲ್ಲೂ ‘ಹ’ ನುಂಗ್ತೀರಲ್ಲ!”

ಸಾಲಿನಲ್ಲಿದ್ದವರು ನಕ್ಕರು. ಅವರೂ ನಕ್ಕರು. “ನೀವು ಓದ್ದೋರು, ನಿಮ್ಗ್ ಗೊತ್ತಿರ್ತದೆ. ಬರ್ಕಳಿ ಸಾ.”

ಹಲಗಯ್ಯ ನಮ್ಮ ಕಡೆ ಇರುವ ಹೆಸರೇ. ಹಾಗೇ ಟೈಪ್ ಮಾಡಿ ಅರ್ಜಿ ಕಳಿಸಿದೆ. ಅಷ್ಟಕ್ಕೆ ಬಿಟ್ಟೆನೇ? ಅವರು ಹೊರಡುವಾಗ ತಡೆದು ನಿಲ್ಲಿಸಿ, ಎರಡು ಸಲ ‘ಹಲಗಯ್ಯ’ ಎಂದು ಬಾಯಿ ಬಿಟ್ಟು ಹೇಳಿಸಿದೆ.

ವಾರ ಕಳೆದು ಸುಮಿತ್ರ ಬಂದಳು. ಜ್ವರ ಬಿಟ್ಟು ಕಡ್ಡಿಯಾಗಿದ್ದಳು. “ಅಣ್ಣ, ನಮ್ಮಪ್ಪನ ಹೆಸ್ರು ತಪ್ಪಾಗದೆ. ಅದು ಅಲಗಯ್ಯನೇ. ನಮ್ಮಜ್ಜಿ ತಮಿಳ್ನಾಡಿನ ತಾಳವಾಡಿ ಕಡೆಯೋರು. ತಮಿಳಲ್ಲಿ ಚಂದ ಅನ್ನೋದಕ್ಕೆ ‘ಅಳಗು’ ಅಂತಾರಂತೆ, ಅದ್ಕೇ ಆ ಹೆಸ್ರು ಇಟ್ಟಿದ್ದು” ಅಂದಳು.

ಅರ್ಜಿ ತಿದ್ದುವ ಅವಕಾಶ ಆಗಲೇ ಮುಗಿದಿತ್ತು. “ಒಂದಕ್ಷರ ಕಣಮ್ಮ, ಕೌನ್ಸೆಲಿಂಗ್‌ನಲ್ಲಿ ಹೇಳಿದ್ರೆ ಸರಿಮಾಡ್ಕೋತಾರೆ ಹೋಗು” ಅಂದೆ. ಎರಡು ಹೆಸರಿನವರೂ ಒಬ್ಬರೇ ಎಂದು ಒಂದು ಅಫಿಡವಿಟ್ ಮಾಡಿಸಿಟ್ಟುಕೋ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗಂದರೆ ತಪ್ಪು ನನ್ನದೆಂದು ಒಪ್ಪಿಕೊಂಡಂತಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಕೌನ್ಸೆಲಿಂಗ್ ಚಾಮರಾಜನಗರದಲ್ಲಿ. ಆ ದಿನ ಹನ್ನೊಂದೂವರೆಗೆ ಅವಳ ಫೋನು ಬಂತು. “ಅರ್ಜೀಲಿರೋ ಅಪ್ಪನೇ ಬೇರೆ, ಇನ್‌ಕಮ್ ಸರ್ಟಿಫಿಕೇಟ್‌ನಲ್ಲಿರೋ ಅಪ್ಪನೇ ಬೇರೆ ಅಂತಾವ್ರೆ ಅಣ್ಣ. ಅಪ್ಪ ಬಂದು ಅಫಿಡವಿಟ್ ಕೊಡ್ಬೇಕಂತೆ, ಮಧ್ಯಾಹ್ನ ಎರಡು ಗಂಟೆ ಒಳಗೆ. ಇಲ್ಲಾಂದ್ರೆ ಸರ್ಕಾರಿ ಸೀಟು ಮುಂದಿನೋರಿಗೆ ಹೋಯ್ತದಂತೆ.”

ಅಂಗಡಿಗೆ ಬೀಗ ಹಾಕಿ ಮಾರ್ಕೆಟ್ಟಿಗೆ ಓಡಿದೆ. ಅಲಗಯ್ಯ ಹೊತ್ತಿದ್ದ ಟೊಮೆಟೊ ಕ್ರೇಟ್ ಇಳಿಸಿ, ಅವರನ್ನು ಹಾಗೇ ಬೈಕಿನ ಹಿಂದೆ ಕೂರಿಸಿಕೊಂಡು ಚಾಮರಾಜನಗರಕ್ಕೆ ತೆರಕಣಾಂಬಿ ರಸ್ತೆ ಹಿಡಿದೆ. ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು. “ಸೀಟ್ ಓಯ್ತದಾ ಸಾ?” ಇಲ್ಲ ಇಲ್ಲ ಅಂದೆ. ನನಗೂ ಆ ಧೈರ್ಯದ ಮಾತು ಬೇಕಾಗಿತ್ತು.

ಕೋರ್ಟಿನ ಹತ್ತಿರ ನೋಟರಿಯವರ ಮುಂದೆ ಅವರನ್ನು ಕೂರಿಸಿ, ಎರಡು ಹೆಸರಿನ ತೊಡಕು ಇಷ್ಟೆಂದು ಹೇಳಿ, ಛಾಪಾ ಕಾಗದ ತಂದುಕೊಟ್ಟು, ಅವಳು ಫೋನಿಗೆ ಕಳಿಸಿದ್ದ ದಾಖಲೆಗಳ ಪ್ರಿಂಟ್ ತೆಗೆಸಲು ಪಕ್ಕದ ಅಂಗಡಿಗೆ ಹೋದೆ. ಬರುವಷ್ಟರಲ್ಲಿ ಟೈಪಾಗಿ, ಅಲಗಯ್ಯನವರ ಹೆಬ್ಬೆಟ್ಟೂ ಬಿದ್ದಿತ್ತು. ಓದಿದೆ. ‘ನನ್ನ ಸರಿಯಾದ ಹೆಸರು ಹಲಗಯ್ಯ ಎಂದಿದ್ದು…’

ಇದನ್ನು ಕೊಟ್ಟರೆ ಅಲಗಯ್ಯ ಎಂದಿರುವ ಇನ್‌ಕಮ್ ಸರ್ಟಿಫಿಕೇಟೇ ತಪ್ಪೆಂದಾಗುತ್ತಿತ್ತು. “ಯಾಕೆ ಹಿಂಗೆ ಹೇಳಿದ್ರಿ?” ಎಂದು ಕಿರುಚಿಯೇಬಿಟ್ಟೆ.

“ಸರ್ಯಾದ್ ಎಸ್ರು ಯಾವ್ದು ಅಂದ್ರು. ನೀವೇ ಏಳ್ಕೊಟ್ಟಿದ್ರಲ್ಲ ಸಾ” ಅಂದರು ಗಾಬರಿಯಿಂದ. “ಕೋರ್ಟ್ ತಾವ ಸರ್ಯಾಗ್ ಏಳ್ಬೇಕಲ್ವಾ ಅಂತ, ಕಷ್ಟಪಟ್ಟು ಏಳ್ದೆ.”

ಮತ್ತೆ ಛಾಪಾ ಕಾಗದಕ್ಕೆ ಓಡಿದೆ. ಅಲ್ಲಿ ಊಟದ ಹೊತ್ತು. ಸರಿಯಾದ ಕಾಗದ ಕೈಗೆ ಬಂದು ನಾವು ಕೌನ್ಸೆಲಿಂಗ್ ಹಾಲಿಗೆ ನುಗ್ಗುವಾಗ ಎರಡು ಗಂಟೆ ನಲವತ್ತು ನಿಮಿಷ. ಮೇಜಿನ ಹಿಂದಿದ್ದ ಮೇಡಂ ಅಫಿಡವಿಟ್ ಪೂರ್ತಿ ಓದಿದರು.

“ಅವ್ರ್ ತಪ್ಪೇನೂ ಇಲ್ಲ ಮೇಡಂ, ಎಸ್ರು ನಾನೇ ತಪ್ಪಾಗಿ ಆಕ್ಬುಟ್ಟೆ” ಅಂದೆ. ಮೈಸೂರಿನಲ್ಲಿ ತಿದ್ದಿಕೊಂಡಿದ್ದ ನಾಲಿಗೆ ಭಯಕ್ಕೆ ಸೀದಾ ಉಮ್ಮತ್ತೂರಿಗೆ ಓಡಿಹೋಗಿತ್ತು.

“ಅರ್ಧ ಗಂಟೆ ಹೆಚ್ಚಿಗೇ ಕಾದೆ” ಅಂದರು ಮೇಡಂ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. “ಮುಂದಿನ ಹುಡುಗೀನೂ ಬಡವರ ಮನೆಯವಳೇ. ಈಗತಾನೇ ಸಹಿ ಮಾಡಿ ಹೋದಳು. ಅವಳಿಂದ ಹೇಗೆ ಕಿತ್ತುಕೊಳ್ಳಲಿ? ಪೇಮೆಂಟ್ ಸೀಟಾದರೆ ಇದೆ.”

ಪೇಮೆಂಟ್ ಸೀಟಿನ ಫೀಸು ಕೇಳಿ ಸುಮಿತ್ರ ತಾನೇ ಫೈಲು ಮುಚ್ಚಿದಳು. ಅದೇ ಪಾಠ, ಅದೇ ಬೆಂಚು. ಆದರೆ ಅಲಗಯ್ಯ ವರ್ಷವಿಡೀ ಮೂಟೆ ಹೊತ್ತರೂ ಆ ಫೀಸು ಹುಟ್ಟುತ್ತಿರಲಿಲ್ಲ. ನಾನು ಕೊಡುತ್ತೇನೆ ಎನ್ನಲು ನನ್ನ ಹತ್ತಿರವೂ ಇರಲಿಲ್ಲ. ಹೊರಗೆ ಬಂದಾಗ ಅವಳು ನನ್ನ ಮುಖ ನೋಡದೆ, “ಒಂದಕ್ಷರ ಅಂದಿದ್ರಿ ಅಣ್ಣ” ಅಂದಳು. ಅಪ್ಪನ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಒಬ್ಬನೇ ಬೈಕಿನಲ್ಲಿ ವಾಪಸ್ಸಾದೆ.

ಮುಂದಿನ ವರ್ಷ ಅರ್ಜಿ ಕರೆದ ದಿನವೇ ಅವರ ಮನೆಗೆ ಹೋದೆ. ಸುಮಿತ್ರ ಅಷ್ಟೊತ್ತಿಗೆ ಬದನಗುಪ್ಪೆಯ ಒಂದು ಫ್ಯಾಕ್ಟರಿಗೆ ಸೇರಿದ್ದಳು. “ಅಪ್ಪಂಗೆ ಈಗ ಸೊಂಟ ಹಿಡ್ಕಂಡದೆ, ಮನೆ ನನ್ ಮೇಲೇ ನಿಂತದೆ. ಇನ್ನು ಓದೋದೆಲ್ಲ ಆಯ್ತು ಬುಡಿ ಅಣ್ಣ” ಅಂದಳು. ಕಾಫಿ ಮಾಡಿಕೊಟ್ಟಳು. ಅವಳು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಈಗ ನಾನು ಯಾರ ಮಾತನ್ನೂ ತಿದ್ದುವುದಿಲ್ಲ. ಕಾಗದ ನೋಡದೆ ಹೆಸರು ಟೈಪ್ ಮಾಡುವುದಿಲ್ಲ, ಸ್ಕ್ರೀನನ್ನು ಅವರ ಕಡೆ ತಿರುಗಿಸಿ ಓದಿ ಹೇಳಿದ ಮೇಲೇ ಕಳಿಸುತ್ತೇನೆ. ಆದರೆ ಕೆಟ್ಟ ಮೇಲೆ ಬುದ್ಧಿ ಬಂದರೆ ಕೆಟ್ಟುಹೋದವರಿಗೇನು ಲಾಭ?

ಹೋದ ತಿಂಗಳು ಕಾರ್ಮಿಕರ ಕಾರ್ಡು ಮಾಡಿಸುವವರ ಸಾಲಿತ್ತು. ತಲೆಯೆತ್ತದೆ, “ಕಾಗದ ಕೊಡಿ, ಹೆಸರು ಹೇಳಿ” ಅಂದೆ. ಕಾಗದ ಚಾಚಿದ ಕೈ ಕಂಡು ತಲೆಯೆತ್ತಿದೆ. ನೋಡಿದರೆ ಅಲಗಯ್ಯ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ಯಾವ್ದ್ ಏಳ್ಲಿ ಸಾ?” ಅಂದರು.

ಅದರಲ್ಲಿ ಕೊಂಕಿದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ಕೇಳುತ್ತಿದ್ದರು.