ಅಪ್ಪನ ಬೀಡಿ, ಸ್ವಾಮಿಗಳ ಮಾತು

ನಮ್ಮ ಮನೆಗೆ ಬಂದಿದ್ದ ಸ್ವಾಮಿಗಳ ಪಾದಪೂಜೆ ಮುಗಿದಿತ್ತು. ಅವ್ವ ಕೈಮುಗಿದುಕೊಂಡು ಅವರ ಮುಂದೆಯೇ ನಿಂತುಬಿಟ್ಟಳು.

"ಬುದ್ಧೀ, ಇವ್ರು ಬೀಡಿ ಬಿಡೋ ಹಂಗೆ ಒಂದು ಮಾತು ಹೇಳಿ. ಕೆಮ್ಮಿ ಕೆಮ್ಮಿ ಎದೆಮೂಳೆ ಎದ್ದವೆ."

ಆಗ ನಮ್ಮ ಸಾರಕ್ಕಿ ಇನ್ನೂ ಬೆಂಗಳೂರಿನ ಹೊರಗಿನ ಹಳ್ಳಿ. ನನಗೆ ಹದಿನೆಂಟು ವರ್ಷ, ಅರವತ್ತರ ದಶಕದ ಆರಂಭ.

ಸ್ವಾಮಿಗಳು ಒಮ್ಮೆ ಹೇಳಿದ್ದಕ್ಕೆ ಅಪ್ಪ ಸೋಮವಾರ ಎತ್ತು ಹೂಡುವುದನ್ನೇ ನಿಲ್ಲಿಸಿದ್ದರು. ಹಾಗಾಗಿ ಅವ್ವನಿಗೆ ಅಷ್ಟು ನಂಬಿಕೆ...

ಸ್ವಾಮಿಗಳು ಡಬ್ಬಿ ತೆಗೆದು ಒಂದು ಚಿಟಿಕೆ ನಸ್ಯ ಮೂಗಿಗೆ ಏರಿಸಿದರು. "ಮನೆ ಒಳಗೇ ಸೇದ್ತೀಯೇನಯ್ಯ?"

"ಹೂಂ ಬುದ್ಧಿ."

"ದೇವರಿರೋ ಮನೆ. ಒಳಗೆ ಸೇದಬೇಡ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಒಳಗೆ ಬಾ."

ಅವ್ವ ಇನ್ನೊಂದು ಮಾತಿಗೆ ಕಾದಳು. ಅವರು ಸೀನಿದರು, ರಾಗಿ ಪೈರು ಹೇಗಿದೆ ಎಂದು ಕೇಳಿದರು. ಅಷ್ಟೇ.

ಅವರು ಹೋದ ಮೇಲೆ ಅಪ್ಪನಿಗೆ ಒಳ್ಳೆ ಖುಷಿ. "ಕೇಳಿಸ್ತೇನೇ? ಬಿಡು ಅಂದ್ರಾ? ಹೊರಗೆ ಸೇದು ಅಂದ್ರು!"

"ನಿಮ್ಗೆ ಬೇಕಾದ್ದು ಮಾತ್ರ ಕೇಳಿಸ್ತದೆ," ಅಂದಳು ಅವ್ವ.

ಆದರೆ ಅಪ್ಪ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಜಡಿಮಳೆಯಲ್ಲೂ ಗೋಣಿ ಹೊದ್ದು ಅಂಗಳಕ್ಕೆ ಇಳಿಯುತ್ತಿದ್ದರು. ಸೇದಿ, ಬಾಯಿ ಮುಕ್ಕಳಿಸಿಯೇ ಒಳಗೆ ಬರುತ್ತಿದ್ದರು.

ಜಯನಗರದ ಡಾಕ್ಟರು ಶ್ವಾಸಕೋಶ ಕೆಟ್ಟಿದೆ, ಬೀಡಿ ಬಿಡಿ ಎಂದರು. "ಸ್ವಾಮಿಗಳೇ ಬ್ಯಾಡ ಅನ್ನಲಿಲ್ಲ, ಇವ್ರದ್ದೇನು?" ಎನ್ನುತ್ತಾ ಅಪ್ಪ ಬಸ್ಸು ಹತ್ತಿದರು.

ಅದಾದ ನಾಲ್ಕು ವರ್ಷಕ್ಕೆ ತೀರಿಕೊಂಡರು.

ಆ ವರ್ಷದ ಪಿತೃಪಕ್ಷ. ಎಡೆಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ... ವಡೆ, ಕೋಳಿಸಾರು, ಮುದ್ದೆ. ಅಣ್ಣ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ತಂದು ಎಲೆಯ ಪಕ್ಕ ಇಡುತ್ತಾನೆ.

ಅವ್ವ ಎರಡನ್ನೂ ಎತ್ತಿಕೊಳ್ಳುತ್ತಾಳೆ. ಬೈಯುತ್ತಾಳೆ, ಬಿಸಾಡುತ್ತಾಳೆ ಎಂದುಕೊಳ್ಳುತ್ತೇನೆ.

ಹೊಸ್ತಿಲು ದಾಟಿ, ಅಂಗಳದಲ್ಲಿ ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಇಡುತ್ತಾಳೆ. ಪಕ್ಕದಲ್ಲಿ ಬಾಯಿ ಮುಕ್ಕಳಿಸಲು ಒಂದು ಚೊಂಬು ನೀರು.

"ಒಳಗೆ ಬ್ಯಾಡ ಕಣೋ. ಅವ್ರು ಅದೊಂದು ಮಾತು ನಡೆಸ್ಕೊಂಡು ಬಂದವ್ರೆ."

ಸ್ವಾಮಿಗಳ ಮೇಲೆ ನನಗೆ ಇಂದಿಗೂ ಕೋಪವಿಲ್ಲ. ಮೈಲಿಗೆ ಅವರಿಗೆ ಕಂಡಿತು, ಕೆಮ್ಮು ಕಾಣಲಿಲ್ಲ... ಕೈಯಲ್ಲಿದ್ದ ನಸ್ಯದ ಡಬ್ಬಿ ಬಾಯಿ ಕಟ್ಟಿತೋ ಏನೋ.

ಅಂದು ಅವರು "ಬಿಟ್ಟುಬಿಡಯ್ಯ" ಎಂದು ಒಂದೇ ಮಾತು ಹೇಳಿದ್ದರೆ ಅಪ್ಪ ಬಿಡುತ್ತಿದ್ದರಾ? ನಿಮಗೆ ಏನನ್ನಿಸುತ್ತದೆ?